ಹೊಸ ಬಸ್ಸಿನ ಪರೀಕ್ಷೆ: ಪರೀಕ್ಷಕರು ಯಾರು?



ಪಟ್ಟಣಗಳಲ್ಲಿ ಹೊಸ ಹೊಸ ಬಸ್ಸುಗಳ ಪರೀಕ್ಷೆ ನಡೆಯುತ್ತಿದೆ. ಹೊಗೆ ಉಗುಳದ ಬ್ಯಾಟರಿ ಬಸ್ಸು, ಬಸ್ಸು ಎಲ್ಲಿ ಬರುತ್ತಿದೆ ಎಂದು ಮೊಬೈಲಿನಲ್ಲಿ ತೋರಿಸುವ ಏರ್ಪಾಡು, ಚಿಲ್ಲರೆಯ ಜಗಳವಿಲ್ಲದೆ ಟಿಕೆಟ್ ಕೊಡುವ ಯಂತ್ರ, ಬಸ್ಸುಗಳಿಗೇ ಮೀಸಲಾದ ದಾರಿ, ಗಾಲಿಕುರ್ಚಿಯೂ ಏರಬಲ್ಲ ತಗ್ಗು ನೆಲದ ಬಸ್ಸು, ಹೀಗೆ ಒಂದರ ಹಿಂದೆ ಒಂದು. ಮಂತ್ರಿಗಳು ಹಸಿರು ಬಾವುಟ ಬೀಸುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಎಸ್ಟೇಟಿನ ಲೈನು ಮನೆಯಲ್ಲಿ ಅದನ್ನು ಓದಿದವರು, "ಅದು ಪಟ್ಟಣದವರ ಮಾತು, ನಮಗೇನು?" ಎಂದು ಪತ್ರಿಕೆಯನ್ನು ಮಡಚಿಡುವುದು ಸಹಜ. ಆದರೆ ಹಾಗೆ ಮಡಚಿಡಬಾರದು.

ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ನಮ್ಮ ಮಕ್ಕಳಲ್ಲಿ ಅನೇಕರು ಈಗ ಪಟ್ಟಣದಲ್ಲಿದ್ದಾರೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ, ಕೊಯಮತ್ತೂರಿನ ಮಿಲ್ಲುಗಳಲ್ಲಿ, ಸೋಮನೂರಿನ ಪವರ್‌ಲೂಮುಗಳಲ್ಲಿ, ಬೆಂಗಳೂರಿನ ಗಾರ್ಮೆಂಟ್ಸುಗಳಲ್ಲಿ ಅವರು ದುಡಿಯುತ್ತಾರೆ. ಶಿಫ್ಟಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದರೆ ಅವರಿಗೆ ಬಸ್ಸೇ ಗತಿ. ಎರಡನೆಯದು, ಈ ಪರೀಕ್ಷೆಗಳಿಗೆ ಸುರಿಯುವ ಹಣ ಸಾರ್ವಜನಿಕರ ಹಣ. ಬೆಂಕಿಪೊಟ್ಟಣ ಕೊಂಡವರೂ ತೆರಿಗೆ ಕೊಟ್ಟವರೇ. ಮೂರನೆಯದೇ ಮುಖ್ಯ: ಪಟ್ಟಣದಲ್ಲಿ ಇಂದು ಪರೀಕ್ಷೆಯಾದದ್ದು ನಾಳೆ ನಾಡಿಗೆಲ್ಲ ನಿಯಮವಾಗುತ್ತದೆ. ಆ ನಿಯಮ ಮಾಡುವಾಗ ಬೆಟ್ಟದವರನ್ನು ಯಾರೂ ನೆನೆಯದಿದ್ದರೆ, ಅದು ನಮ್ಮ ಬಾಗಿಲಿಗೆ ತಡವಾಗಿ ಬರುತ್ತದೆ, ಅಥವಾ ನಮಗೆ ಹೊಂದದ ರೂಪದಲ್ಲಿ ಬರುತ್ತದೆ.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ತಮಿಳುನಾಡು ಸರಕಾರವು ಸಾಧಾರಣ ದರದ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಜಾರಿಗೆ ತಂದಿತು. ಲಕ್ಷಾಂತರ ಹೆಣ್ಣುಮಕ್ಕಳಿಗೆ ಇದು ದೊಡ್ಡ ಉಪಕಾರವಾಯಿತು. ಆದರೆ ಬೆಟ್ಟದ ಮೇಲೆ ಓಡುವ ಬಸ್ಸು "ಟೌನ್ ಬಸ್ಸು" ಎಂಬ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ನೀಲಗಿರಿ, ಕೊಡೈಕಾನಲ್, ವಾಲ್ಪಾರೈಯಂಥ ಬೆಟ್ಟ ಪ್ರದೇಶಗಳಿಗೂ ಈ ಸೌಲಭ್ಯವನ್ನು ವಿಸ್ತರಿಸುವ ಮಾತು ಬಂದದ್ದು 2024ರ ಬಜೆಟ್ಟಿನಲ್ಲಿ. ಕೆಳಗಿನ ಪಟ್ಟಣದ ಹೆಂಗಸು ಉಚಿತವಾಗಿ ಓಡಾಡಿದ ಮೂರು ವರ್ಷ ಕಾಲ, ಚಹಾ ಎಲೆ ಕೀಳುವ ಹೆಂಗಸು ಚೀಟಿಗೆ ಹಣ ಎಣಿಸಿಯೇ ಆಸ್ಪತ್ರೆಗೆ ಹೋದಳು. ಯಾರೂ ಬೇಕೆಂದು ಅವಳನ್ನು ಬಿಡಲಿಲ್ಲ. ಯೋಜನೆಯನ್ನು ಬರೆದ ಮೇಜಿನ ಬಳಿ ಅವಳಿರಲಿಲ್ಲ, ಅಷ್ಟೇ. ಹೊಸ ತಂತ್ರಜ್ಞಾನದ ವಿಷಯದಲ್ಲಿಯೂ ಇದೇ ಆಗಬಾರದು.

ಪರೀಕ್ಷೆ ಎಂದರೇನು?

ಹೊಸ ಬಸ್ಸನ್ನು ಕೊಂಡು ತಂದು ಓಡಿಸಿದೊಡನೆ ಅದು ಪರೀಕ್ಷೆಯಾಗುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಗಳಿರಬೇಕು, ಉತ್ತರಗಳನ್ನು ಅಳೆಯಬೇಕು, ಅಂಕಗಳನ್ನು ಎಲ್ಲರೂ ನೋಡುವಂತೆ ಹೊರಗೆ ಹಾಕಬೇಕು, ಮತ್ತು ಆ ಅಂಕಗಳ ಮೇಲೆ ಮುಂದಿನ ತೀರ್ಮಾನವಾಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಬರೀ ಮೆರವಣಿಗೆಯೇ.

ಬೆಂಗಳೂರಿನ ಕಥೆಯನ್ನು ನೋಡೋಣ. 2014ರ ಫೆಬ್ರವರಿಯಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಚೀನಾ ದೇಶದ ಬಿವೈಡಿ ಕಂಪನಿಯ ವಿದ್ಯುತ್ ಬಸ್ಸೊಂದನ್ನು ಮೆಜೆಸ್ಟಿಕ್ಕಿನಿಂದ ಕಾಡುಗೋಡಿಯವರೆಗೆ ಪರೀಕ್ಷೆಗೆಂದು ಓಡಿಸಿತು. ಮೂರು ತಿಂಗಳ ಪರೀಕ್ಷೆ. ಹೊಗೆಯಿಲ್ಲ, ಗದ್ದಲವಿಲ್ಲ, ಪ್ರಯಾಣಿಕರು ಮೆಚ್ಚಿಕೊಂಡರು. ಆದರೆ ಅದರ ಬೆಲೆ ಕೋಟಿಗಳಲ್ಲಿತ್ತು. ಮುಂದೆ, ಬಸ್ಸುಗಳನ್ನು ಸಂಸ್ಥೆಯೇ ಕೊಳ್ಳಬೇಕೋ ಬಾಡಿಗೆಗೆ ತರಬೇಕೋ ಎಂಬ ಚರ್ಚೆಯಲ್ಲಿ ವರ್ಷಗಳು ಉರುಳಿದವು. ಆ ನಗರದ ಬೀದಿಗೆ ವಿದ್ಯುತ್ ಬಸ್ಸುಗಳು ನಿಜವಾಗಿ ಇಳಿದದ್ದು 2021ರ ಡಿಸೆಂಬರಿನಲ್ಲಿ. ಅವು ಮೆಟ್ರೋ ನಿಲ್ದಾಣಗಳಿಗೆ ಜನರನ್ನು ತಲುಪಿಸುವ ಚಿಕ್ಕ ಬಸ್ಸುಗಳು. ಉದ್ದ ಬಸ್ಸುಗಳು 2022ರ ಆಗಸ್ಟಿನಲ್ಲಿ ಬಂದವು. ಮೂರು ತಿಂಗಳ ಪರೀಕ್ಷೆಗೂ ಅದರ ಫಲಕ್ಕೂ ನಡುವೆ ಏಳು ವರ್ಷಗಳಿಗಿಂತ ಹೆಚ್ಚು ಅಂತರ. ಅಷ್ಟರಲ್ಲಿ ಮೊದಲನೆಯ ತರಗತಿಗೆ ಸೇರಿದ್ದ ಮಗು ಎಂಟನೆಯ ತರಗತಿಗೆ ಬಂದಿರುತ್ತದೆ.

ಅದೇ ಹೊತ್ತಿನಲ್ಲಿ ಚೀನಾದ ಶೆನ್‌ಜೆನ್ ನಗರ ಏನು ಮಾಡಿತು? ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಹಂತಹಂತವಾಗಿ ಹೆಚ್ಚಿಸಿ, 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ನಗರ ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ತಿರುಗಿಸಿತು. ಅಲ್ಲಿ ಸರಕಾರದ ಹಣ ಧಾರಾಳವಾಗಿತ್ತು, ಬಸ್ಸು ಮಾಡುವ ಕಂಪನಿಯೂ ಅದೇ ಊರಿನದು. ನಮಗೂ ಅವರಿಗೂ ಹೋಲಿಕೆ ಸಲ್ಲದು ಎನ್ನಬಹುದು. ಒಪ್ಪೋಣ. ಆದರೂ ಪರೀಕ್ಷೆಯ ಮರುದಿನ ಏನು ಮಾಡಬೇಕೆಂಬುದನ್ನು ಪರೀಕ್ಷೆಯ ಮೊದಲೇ ಯೋಚಿಸಿಟ್ಟಿರಬೇಕು ಎಂಬ ಪಾಠಕ್ಕೆ ಹಣ ಬೇಕಾಗಿಲ್ಲ.

ಇನ್ನೊಂದು ಉದಾಹರಣೆ. 2016ರಲ್ಲಿ ಅದೇ ಬೆಂಗಳೂರಿನಲ್ಲಿ ಸಾವಿರಾರು ಬಸ್ಸುಗಳಿಗೆ ಉಪಗ್ರಹದ ಸಹಾಯದಿಂದ ಜಾಗ ತಿಳಿಸುವ ಯಂತ್ರಗಳನ್ನು ಅಳವಡಿಸಿದರು. ಬಸ್ಸು ಎಲ್ಲಿದೆ, ನಿಮ್ಮ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಮೊಬೈಲಿನಲ್ಲಿ ತೋರಿಸುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಮೊಬೈಲು ತೋರಿಸಿದ ಬಸ್ಸು ರಸ್ತೆಯಲ್ಲಿ ಕಾಣದೆ, ರಸ್ತೆಯಲ್ಲಿ ಬಂದ ಬಸ್ಸು ಮೊಬೈಲಿನಲ್ಲಿ ಕಾಣದೆ, ಪ್ರಯಾಣಿಕರು ಬೇಸತ್ತರು. "ನಮ್ಮ ಬಿಎಂಟಿಸಿ" ಎಂಬ ಹೊಸ ಆ್ಯಪ್ ಬಂದದ್ದು 2023ರಲ್ಲಿ. ತಪ್ಪು ಹೇಳುವ ಗಡಿಯಾರಕ್ಕಿಂತ ಗಡಿಯಾರವಿಲ್ಲದ ಗೋಡೆಯೇ ಮೇಲು. ಗೋಡೆಯನ್ನು ನೋಡಿ ಯಾರೂ ಮೋಸ ಹೋಗುವುದಿಲ್ಲ.

ಫಲ ಕೊಟ್ಟರೂ ಉಳಿಯದ ಪರೀಕ್ಷೆಗಳೂ ಉಂಟು. 2019ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಗೂಟಗಳನ್ನು ನೆಟ್ಟು ಬಸ್ಸುಗಳಿಗೆಂದೇ ಒಂದು ಪಥವನ್ನು ಬಿಟ್ಟುಕೊಟ್ಟರು. ಬ್ಯಾಟರಿಯೂ ಇಲ್ಲ, ಗಣಕಯಂತ್ರವೂ ಇಲ್ಲ; ಬಣ್ಣ ಮತ್ತು ಗೂಟ. ಕಾರುಗಳ ಸಾಲಿನಲ್ಲಿ ಸಿಕ್ಕಿಕೊಳ್ಳದೆ ಬಸ್ಸು ಮುಂದೆ ಹೋಯಿತು. ಮುಂದೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಆರಂಭವಾದಾಗ ಬಸ್ಸಿನ ಪಥ ಮಾಯವಾಯಿತು. ಒಂದು ಕಾರಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಒಂದು ಬಸ್ಸಿನಲ್ಲಿ ಅರವತ್ತು ಮಂದಿ ಇರುತ್ತಾರೆ. ರಸ್ತೆಯಲ್ಲಿ ಯಾರಿಗೆ ಎಷ್ಟು ಜಾಗ ಸಲ್ಲಬೇಕೆಂಬುದು ಲೆಕ್ಕದ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ನ್ಯಾಯದ ಪ್ರಶ್ನೆ. ಬ್ರೆಜಿಲ್ ದೇಶದ ಕುರಿಟಿಬಾ ಎಂಬ ನಗರ 1974ರಲ್ಲಿಯೇ ಬಸ್ಸಿಗೆ ಪ್ರತ್ಯೇಕ ದಾರಿ ಬಿಟ್ಟುಕೊಟ್ಟು ಲೋಕಕ್ಕೆಲ್ಲ ಮಾದರಿಯಾಯಿತು. ನಮ್ಮ ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಿಂದ ಓಡಲಾರಂಭಿಸಿದ "ಚಿಗರಿ" ಬಸ್ಸು ಅದೇ ಬಳಗದ್ದು. ಅಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮೊಣಕಾಲು ನೋವಿನ ಅಜ್ಜಿಗೂ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಇಂಥದ್ದನ್ನು ನಾವು ಮನಸಾರೆ ಮೆಚ್ಚಬೇಕು.

ಸೋಮನೂರಿನ ಸೂರು

ಈಗ ನಮ್ಮ ಊರಿನ ಮಾತಿಗೆ ಬರೋಣ. ಬಸ್ಸಿನ ವಿಷಯದಲ್ಲಿ ಈ ಸೀಮೆ ಹಿಂದುಳಿದದ್ದಲ್ಲ. ಸೋಮನೂರು ಸೇರಿದ ಸೂಲೂರು ಸೀಮೆಯ ಕಲಂಗಲ್ ಎಂಬ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಜಿ.ಡಿ. ನಾಯ್ಡು ಅವರು 1920ರಲ್ಲಿ ಒಂದೇ ಒಂದು ಬಸ್ಸನ್ನು ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿ ಆರಂಭಿಸಿದರು. ಅದು ಯುನಿವರ್ಸಲ್ ಮೋಟಾರ್ ಸರ್ವಿಸ್ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಹೆಚ್ಚು ಶಾಲೆ ಕಲಿಯದ ಅವರು ಯಂತ್ರಗಳನ್ನು ಬಿಚ್ಚಿ ಜೋಡಿಸಿ, ಹೊಸದನ್ನು ಕಂಡುಹಿಡಿದು ಹೆಸರು ಪಡೆದರು. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ 2025ರ ಅಕ್ಟೋಬರಿನಲ್ಲಿ ತೆರೆದ ಉದ್ದನೆಯ ಮೇಲುಸೇತುವೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ತಾನು ಓಡಿಸುವ ಬಸ್ಸಿನಲ್ಲಿ ತಾನೇ ಕುಳಿತು, ಅದರ ದೋಷವನ್ನು ತನ್ನ ಕಿವಿಯಿಂದಲೇ ಕೇಳಿದ ಮನುಷ್ಯ ಮಾಡಿದ ಪರೀಕ್ಷೆಗೂ, ಕಚೇರಿಯಲ್ಲಿ ಕುಳಿತು ಕಾಗದ ನೋಡಿ ಮಾಡುವ ಪರೀಕ್ಷೆಗೂ ವ್ಯತ್ಯಾಸವಿದೆ.

ಇಂಥ ಸೀಮೆಯಲ್ಲಿಯೇ 2017ರ ಸೆಪ್ಟೆಂಬರ್ 7ರಂದು ಸೋಮನೂರು ಬಸ್ ಸ್ಟ್ಯಾಂಡಿನ ಸೂರು ಕುಸಿದು ಬಿದ್ದಿತು. ಐವರು ಸತ್ತರು, ಹಲವರು ಗಾಯಗೊಂಡರು. ಅವರು ರಸ್ತೆಯಲ್ಲಿ ಓಡುತ್ತಿದ್ದವರಲ್ಲ, ಬಸ್ಸಿನ ಮೆಟ್ಟಿಲಲ್ಲಿ ತೂಗಾಡುತ್ತಿದ್ದವರೂ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸೂರಿನ ಕೆಳಗೆ, ನಿಲ್ಲಬೇಕಾದ ಜಾಗದಲ್ಲಿಯೇ ಇದ್ದವರು.

ಹೊಸ ತಂತ್ರಜ್ಞಾನದ ಮಾತು ಬಂದಾಗಲೆಲ್ಲ ನಾವು ಆ ಐವರನ್ನು ನೆನೆಯಬೇಕು. ಬಸ್ಸೆಂದರೆ ಚಕ್ರ ಮತ್ತು ಎಂಜಿನ್ ಅಷ್ಟೇ ಅಲ್ಲ. ಮನೆಯಿಂದ ನಿಲ್ದಾಣದವರೆಗಿನ ಕತ್ತಲೆಯ ದಾರಿ, ಅಲ್ಲಿ ದೀಪವಿದೆಯೇ ಎಂಬುದು, ಕುಳಿತುಕೊಳ್ಳಲು ಕಟ್ಟೆ, ಹೆಂಗಸರಿಗೆ ಶೌಚಾಲಯ, ತಲೆಯ ಮೇಲೆ ನಂಬಬಹುದಾದ ಸೂರು, ಇವೆಲ್ಲ ಸೇರಿ ಬಸ್ ಸೌಕರ್ಯ. ಕಾಂಕ್ರೀಟು ಗಟ್ಟಿಯಾಗಿದೆಯೇ, ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂದು ನೋಡುವ ಸಲಕರಣೆಗಳು ಎಂಜಿನಿಯರುಗಳ ಬಳಿ ಎಂದಿನಿಂದಲೂ ಇವೆ. ಅದೂ ತಂತ್ರಜ್ಞಾನವೇ. ಆದರೆ ಅದಕ್ಕೆ ಯಾರೂ ಹಸಿರು ಬಾವುಟ ಬೀಸುವುದಿಲ್ಲ, ಪತ್ರಿಕೆಯಲ್ಲಿ ಚಿತ್ರ ಬರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪದ ಫಲಕ ತೂಗುಹಾಕುವ ಮೊದಲು, ಅದನ್ನು ತೂಗುಹಾಕುವ ಸೂರನ್ನು ಪರೀಕ್ಷಿಸಬೇಕು. ಇದು ನಮ್ಮ ಮೊದಲನೆಯ ಬೇಡಿಕೆ.

ಬೆಟ್ಟ ಕೇಳುವ ಪ್ರಶ್ನೆ

ಎಸ್ಟೇಟಿನವರಾದ ನಾವು ವಿದ್ಯುತ್ ಬಸ್ಸಿನ ಗುಣವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದರಲ್ಲಿ ಡೀಸೆಲ್ ಟ್ಯಾಂಕಿನ ಬದಲು ದೊಡ್ಡ ಬ್ಯಾಟರಿಗಳಿರುತ್ತವೆ. ಡಿಪೋದಲ್ಲಿ ವಿದ್ಯುತ್ ತುಂಬಿಸಿಕೊಂಡು ಹೊರಟರೆ, ಸಮತಟ್ಟಾದ ಪಟ್ಟಣದ ರಸ್ತೆಯಲ್ಲಿ ಅಂದಾಜು 150ರಿಂದ 200 ಕಿಲೋಮೀಟರು ಓಡಬಹುದು. ಘಾಟಿ ಹತ್ತುವಾಗ ಬ್ಯಾಟರಿ ಬೇಗ ಇಳಿಯುತ್ತದೆ. ತಲೆಹೊರೆ ಹೊತ್ತು ಏರು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇಳಿಜಾರಿನಲ್ಲಿ ಒಂದು ಸೋಜಿಗವಿದೆ. ಡ್ರೈವರು ವೇಗ ತಗ್ಗಿಸಿದಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ, ಮೋಟಾರು ಡೈನಮೋ ಆಗಿ ಮಾರ್ಪಟ್ಟು ಬ್ಯಾಟರಿಗೆ ಸ್ವಲ್ಪ ವಿದ್ಯುತ್ತನ್ನು ಮರಳಿಸುತ್ತದೆ. ಏರುವಾಗ ಕೊಟ್ಟದ್ದರಲ್ಲಿ ಒಂದು ಪಾಲು ಇಳಿಯುವಾಗ ಹಿಂದಕ್ಕೆ ಬರುತ್ತದೆ. ಬ್ರೇಕಿನ ಸವೆತವೂ ಕಡಿಮೆಯಾಗುತ್ತದೆ. ಆಳಿಯಾರಿನಿಂದ ವಾಲ್ಪಾರೈಗೆ ಹೋಗುವ 40 ಕೊಂಡಿ ತಿರುವುಗಳನ್ನು ಹತ್ತಿ ಇಳಿದವರಿಗೆ ಬ್ರೇಕಿನ ಬೆಲೆ ಗೊತ್ತು.

ಬೆಟ್ಟದಲ್ಲಿ ಇಂಥ ಬಸ್ಸು ಓಡಲಾರದೆಂದು ಹೇಳುವವರಿಗೆ ಉತ್ತರವಿದೆ. 2017ರಲ್ಲಿ ಹಿಮಾಚಲ ಪ್ರದೇಶದ ಸರಕಾರಿ ಸಾರಿಗೆ ಸಂಸ್ಥೆಯು ಮನಾಲಿಯಿಂದ ಸುಮಾರು 13,000 ಅಡಿ ಎತ್ತರದ ರೋಹ್ತಾಂಗ್ ಕಡೆಗೆ ವಿದ್ಯುತ್ ಬಸ್ಸನ್ನು ಹತ್ತಿಸಿತು. 2022ರಲ್ಲಿ ತಿರುಪತಿಯಿಂದ ತಿರುಮಲೆಯ ಘಾಟಿಗೆ ವಿದ್ಯುತ್ ಬಸ್ಸುಗಳು ಬಂದವು. 2023ರಲ್ಲಿ ಕರ್ನಾಟಕದ ಸಾರಿಗೆ ಸಂಸ್ಥೆಯು ಬೆಂಗಳೂರಿನಿಂದ ಕಾಫಿ ಸೀಮೆಯ ಮಡಿಕೇರಿ, ಚಿಕ್ಕಮಗಳೂರುಗಳಿಗೂ ವಿದ್ಯುತ್ ಬಸ್ಸನ್ನು ಕಳುಹಿಸಿತು. ಅಂದರೆ ಯಂತ್ರಕ್ಕೆ ಬೆಟ್ಟ ಹತ್ತುವ ಶಕ್ತಿಯಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಯಾತ್ರಿಕರಿಗೂ ಪ್ರವಾಸಿಗರಿಗೂ ದೂರದ ಪ್ರಯಾಣಿಕರಿಗೂ ಓಡಿದವು. ಬೆಳಗ್ಗೆ ಆರು ಗಂಟೆಗೆ ಎಸ್ಟೇಟಿನ ತಿರುವಿನಲ್ಲಿ ಮಕ್ಕಳನ್ನು ಹತ್ತಿಸಿಕೊಂಡು ಹೈಸ್ಕೂಲಿನ ಬಾಗಿಲಿಗೆ ಬಿಡುವ ಬಸ್ಸಾಗಿ ಅದನ್ನು ಪರೀಕ್ಷಿಸಬೇಕೆಂಬುದು ನಮ್ಮ ಕೋರಿಕೆ.

ಎಚ್ಚರಿಕೆಯ ಪಾಠವೂ ಇದೆ. 2019ರ ಫೆಬ್ರವರಿಯಲ್ಲಿ ಕೇರಳದ ಸಾರಿಗೆ ಸಂಸ್ಥೆಯು ತಿರುವನಂತಪುರದಿಂದ ಎರ್ನಾಕುಳಂಗೆ ವಿದ್ಯುತ್ ಬಸ್ಸನ್ನು ಆರಂಭಿಸಿದ ಮೊದಲ ದಿನವೇ ಬ್ಯಾಟರಿ ಬರಿದಾಗಿ ಬಸ್ಸು ಚೇರ್ತಲದಲ್ಲಿ ನಿಂತುಬಿಟ್ಟಿತು. ಬಸ್ಸು ಕೆಟ್ಟದ್ದಾಗಿರಲಿಲ್ಲ, ಆ ದೂರಕ್ಕೂ ಆ ರಸ್ತೆಯ ದಟ್ಟಣೆಗೂ ಲೆಕ್ಕ ಸಾಲಲಿಲ್ಲ. ಹೆದ್ದಾರಿಯ ಪಕ್ಕದ ಪಟ್ಟಣದಲ್ಲಿ ಬಸ್ಸು ನಿಂತರೆ ಇನ್ನೊಂದು ಬಸ್ಸು ಸಿಕ್ಕೀತು. ಮಳೆಗಾಲದ ಸಂಜೆ, ಕಾಡಾನೆಗಳು ದಾಟುವ ದಾರಿಯಲ್ಲಿ, ಬಸುರಿ ಹೆಂಗಸೊಬ್ಬಳು ಒಳಗಿರುವಾಗ ಬಸ್ಸು ನಿಂತರೆ ಗತಿಯೇನು? ಬೆಟ್ಟಕ್ಕೆ ಕಳುಹಿಸುವ ಬಸ್ಸನ್ನು ಬೆಟ್ಟದಲ್ಲಿಯೇ, ತುಂಬು ಜನರೊಡನೆ, ಜಡಿಮಳೆಯಲ್ಲಿಯೇ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ಖಾಲಿ ಬಸ್ಸು ಓಡಿಸಿ ಅಂಕ ಹಾಕಬಾರದು.

ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು

ಕಾರ್ಮಿಕರಾದ ನಾವು ಕಾರ್ಮಿಕರನ್ನು ಮರೆತು ಬಸ್ಸಿನ ಮಾತಾಡುವುದು ತರವಲ್ಲ. ಬೆಂಗಳೂರಿನ ವಿದ್ಯುತ್ ಬಸ್ಸುಗಳನ್ನು ಬಹುಮಟ್ಟಿಗೆ ಗುತ್ತಿಗೆಯ ಮೇಲೆ ತಂದರು. ಬಸ್ಸು ಕಂಪನಿಯದು, ಡ್ರೈವರು ಕಂಪನಿಯವರು, ಕಂಡಕ್ಟರು ಮಾತ್ರ ಸಾರಿಗೆ ಸಂಸ್ಥೆಯವರು. ಓಡಿದ ಕಿಲೋಮೀಟರಿಗೆ ಇಂತಿಷ್ಟೆಂದು ಸಂಸ್ಥೆ ಕಂಪನಿಗೆ ಕೊಡುತ್ತದೆ. ಬ್ಯಾಟರಿಯ ಬೆಲೆ, ಹೊಸ ಯಂತ್ರದ ರಿಪೇರಿ, ಇವುಗಳ ಹೊರೆ ಸಂಸ್ಥೆಯ ಮೇಲೆ ಬೀಳುವುದಿಲ್ಲ ಎಂಬುದು ಇದರ ಅನುಕೂಲ. ಆದರೆ ಒಂದೇ ಬಸ್ಸಿನಲ್ಲಿ ಒಂದೇ ದಾರಿಯಲ್ಲಿ ದುಡಿಯುವ ಇಬ್ಬರಿಗೆ ಇಬ್ಬರು ಯಜಮಾನರು, ಎರಡು ರೀತಿಯ ಸಂಬಳ, ಎರಡು ರೀತಿಯ ಭದ್ರತೆ. ಕಾಯಂ ಮತ್ತು ತಾತ್ಕಾಲಿಕ ಎಂಬ ಎರಡು ಸಾಲುಗಳಲ್ಲಿ ನಿಂತು ಒಂದೇ ತೂಕದ ಎಲೆ ಹಾಕಿದವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಟಿಕೆಟ್ ಯಂತ್ರದ ವಿಷಯವೂ ಹೀಗೆಯೇ. ಮೊಬೈಲಿನಿಂದ ಹಣ ಕೊಡುವುದು ಬಂದರೆ ಚಿಲ್ಲರೆಯ ಜಗಳ ತಪ್ಪುತ್ತದೆ; ಕಂಡಕ್ಟರ ತಲೆನೋವು ಕಡಿಮೆಯಾಗುತ್ತದೆ. ಬರಲಿ. ಆದರೆ "ಯಂತ್ರ ಬಂತು, ಇನ್ನು ಕಂಡಕ್ಟರು ಬೇಡ" ಎಂಬ ಮಾತು ಅದರ ಬೆನ್ನಿಗೇ ಬರುವುದುಂಟು. ಕಂಡಕ್ಟರೆಂದರೆ ಟಿಕೆಟ್ ಹರಿಯುವ ಕೈ ಮಾತ್ರವಲ್ಲ. ಮುದುಕರನ್ನು ಕೈಹಿಡಿದು ಇಳಿಸುವವರು, ಕುಡಿದು ಬಂದವನನ್ನು ಹೆಂಗಸರ ಬಳಿಯಿಂದ ದೂರ ಕಳುಹಿಸುವವರು, ಓದು ಬಾರದವರಿಗೆ "ಅಮ್ಮಾ, ನಿಮ್ಮ ಸ್ಟಾಪು ಬಂತು" ಎನ್ನುವವರು ಅವರೇ. ಈ ಕೆಲಸಗಳನ್ನು ಯಾವ ಯಂತ್ರದ ಪರೀಕ್ಷೆಯಲ್ಲೂ ಲೆಕ್ಕ ಹಾಕುವುದಿಲ್ಲ. ಲೆಕ್ಕಕ್ಕೆ ಸಿಗದ ಕೆಲಸ ಕೆಲಸವೇ ಅಲ್ಲವೆಂದು ತಿಳಿಯುವುದು ಹಳೆಯ ಅನ್ಯಾಯ. ಮನೆಯ ಹೆಂಗಸರಿಗೆ ಅದು ಚೆನ್ನಾಗಿ ಗೊತ್ತು.

ಡೀಸೆಲ್ ಎಂಜಿನನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮೆಕ್ಯಾನಿಕ್ಕುಗಳಿದ್ದಾರೆ. ವಿದ್ಯುತ್ ಬಸ್ಸಿನಲ್ಲಿ ಗೇರು, ರೇಡಿಯೇಟರು, ಎಣ್ಣೆಯ ಕೆಲಸ ಬಹಳ ಕಡಿಮೆ. ಅವರಿಗೆ ಹೊಸ ವಿದ್ಯೆ ಕಲಿಸುವ ಹಣವನ್ನು ಬಸ್ಸಿನ ಬೆಲೆಯೊಳಗೇ ಸೇರಿಸಬೇಕು. ಯಂತ್ರವನ್ನು ಬರಮಾಡಿಕೊಂಡು ಅದನ್ನು ನಡೆಸಬೇಕಾದವರನ್ನು ಬಾಗಿಲಾಚೆ ನಿಲ್ಲಿಸುವುದು ಅಭಿವೃದ್ಧಿಯಲ್ಲ.

ಇಷ್ಟು ಹೇಳಿದ ಮೇಲೂ ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ನಾವು ಹೊಸದರ ವಿರೋಧಿಗಳಲ್ಲ. ದಿನಕ್ಕೆ ಎಂಟು ಗಂಟೆ ಡೀಸೆಲ್ ಹೊಗೆ ನುಂಗುವ ಡ್ರೈವರು ಕಂಡಕ್ಟರುಗಳಿಗೆ, ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ತಾಯಿಗೆ, ಕಂಕುಳಲ್ಲಿ ಕೂಸು ಹಿಡಿದು ಕಾಯುವವಳಿಗೆ ಹೊಗೆಯಿಲ್ಲದ ಬಸ್ಸು ಆರೋಗ್ಯದ ಮಾತು. 2025ರ ಜೂನ್ ಕೊನೆಗೆ ಚೆನ್ನೈಯಲ್ಲಿ ಓಡಲಾರಂಭಿಸಿದ 120 ವಿದ್ಯುತ್ ಬಸ್ಸುಗಳು ತಗ್ಗು ನೆಲದವು. ಕಾಲಿಲ್ಲದವರೂ ಇನ್ನೊಬ್ಬರ ಹೆಗಲೇರದೆ ಅವುಗಳಲ್ಲಿ ಪ್ರಯಾಣ ಮಾಡಬಹುದು. ಇದು ಸಣ್ಣ ಸಂಗತಿಯಲ್ಲ. ಒಳ್ಳೆಯದು ಎಲ್ಲರಿಗೂ ಮುಟ್ಟಲಿ ಎಂಬುದೇ ನಮ್ಮ ಆಸೆ. ಅದಕ್ಕಾಗಿಯೇ ಪ್ರಶ್ನೆ ಕೇಳುತ್ತೇವೆ.

ನಮ್ಮ ಪ್ರಶ್ನೆಪತ್ರಿಕೆ

ಯಾವ ಊರಿನಲ್ಲಿ ಯಾವ ಹೊಸ ಬಸ್ಸು, ಹೊಸ ಯಂತ್ರ ಬಂದರೂ ನಾವು ಐದು ಪ್ರಶ್ನೆಗಳನ್ನು ಕೇಳೋಣ.

ಒಂದು: ಇದನ್ನು ಯಾವ ಹೊತ್ತಿನಲ್ಲಿ ಪರೀಕ್ಷಿಸಿದಿರಿ? ಹಗಲು ಹನ್ನೊಂದಕ್ಕೆ ಓಡಿದ ಬಸ್ಸು ಚೆನ್ನಾಗಿಯೇ ಓಡುತ್ತದೆ. ಮೊದಲನೆಯ ಶಿಫ್ಟಿನ ನಸುಕಿನಲ್ಲಿ, ರಾತ್ರಿಯ ಕೊನೆಯ ಸರದಿಯಲ್ಲಿ ಅದು ಬಂದಿತೇ?

ಎರಡು: ಇದನ್ನು ಯಾರ ಕೈಯಲ್ಲಿ ಪರೀಕ್ಷಿಸಿದಿರಿ? ಮೊಬೈಲು ಇಲ್ಲದವರು, ಇದ್ದರೂ ಓದಲಾರದವರು, ಕಣ್ಣು ಮಂಜಾದವರು ಏನು ಮಾಡಬೇಕು? ಬಸ್ಸು ಹೋಗುವ ಊರಿನ ಹೆಸರನ್ನು ಜನರ ಭಾಷೆಯಲ್ಲಿ ಕೂಗಿ ಹೇಳುವ ಏರ್ಪಾಡಿದೆಯೇ? ನೋಟು ನಾಣ್ಯ ಕೊಟ್ಟರೆ ಚೀಟಿ ಸಿಗುತ್ತದೆಯೇ?

ಮೂರು: ಇದರ ದರ ಎಷ್ಟು? 2023ರ ಜೂನ್ 11ರಂದು ಕರ್ನಾಟಕದಲ್ಲಿ "ಶಕ್ತಿ" ಯೋಜನೆ ಬಂದಾಗ ಹೆಂಗಸರ ಉಚಿತ ಪ್ರಯಾಣವನ್ನು ಸಾಮಾನ್ಯ ಬಸ್ಸುಗಳಿಗೆ ಕೊಟ್ಟರು, ಹವಾನಿಯಂತ್ರಿತ ಬಸ್ಸುಗಳನ್ನು ಹೊರಗಿಟ್ಟರು. ಹೊಸ ಬಸ್ಸುಗಳೆಲ್ಲ ತಂಪು ಬಸ್ಸುಗಳಾಗಿ, ಹಳೆಯ ಸಾಮಾನ್ಯ ಬಸ್ಸುಗಳು ಒಂದೊಂದಾಗಿ ಗುಜರಿಗೆ ಹೋದರೆ, ಉಚಿತವೆಂಬ ಮಾತು ಕಾಗದದ ಮೇಲೆ ಉಳಿದು ಹೆಂಗಸರು ರಸ್ತೆಯಲ್ಲಿ ಉಳಿಯುತ್ತಾರೆ. ಹಾಗಾಗದಂತೆ ನೋಡಿಕೊಳ್ಳಬೇಕು.

ನಾಲ್ಕು: ಇದರಲ್ಲಿ ದುಡಿಯುವವರನ್ನು ಕೇಳಿದಿರಾ? ಡ್ರೈವರ ಬೆನ್ನು, ಕಂಡಕ್ಟರ ಕಾಲು, ಮೆಕ್ಯಾನಿಕ್ಕಿನ ಕೈ ಏನು ಹೇಳುತ್ತವೆಂಬುದು ವರದಿಯಲ್ಲಿ ಬಂದಿದೆಯೇ?

ಐದು: ಫಲಿತಾಂಶ ಎಲ್ಲಿದೆ? ಜನರ ಹಣದಿಂದ ಆದ ಪರೀಕ್ಷೆಯ ಅಂಕಪಟ್ಟಿಯನ್ನು ಜನರ ಭಾಷೆಯಲ್ಲಿ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಬೇಕು. ಸೋತಿದ್ದರೆ ಸೋತಿತೆಂದೇ ಬರೆಯಲಿ. ಸೋಲನ್ನು ಮುಚ್ಚಿಟ್ಟರೆ ಅದೇ ಸೋಲನ್ನು ಇನ್ನೊಂದು ಊರಿನವರು ಮತ್ತೆ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ.

ನಾವು ಮಾಡಬೇಕಾದದ್ದು

ಪ್ರಶ್ನೆ ಕೇಳುವವರ ಕೈಯಲ್ಲಿ ಲೆಕ್ಕವಿರಬೇಕು. "ಬಸ್ಸು ಸರಿಯಾಗಿ ಬರುವುದಿಲ್ಲ ಸ್ವಾಮಿ" ಎಂದರೆ ಅಧಿಕಾರಿಗಳು ತಲೆಯಾಡಿಸಿ ಕಳುಹಿಸುತ್ತಾರೆ. "ಹದಿನಾಲ್ಕು ದಿನಗಳಲ್ಲಿ ಐದು ದಿನ ಬೆಳಗಿನ ಬಸ್ಸು ಬರಲಿಲ್ಲ, ನಾಲ್ಕು ದಿನ ಅರ್ಧ ಗಂಟೆ ತಡವಾಯಿತು, ಇಗೋ ತಾರೀಕು" ಎಂದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಆದ್ದರಿಂದ ಪ್ರತಿ ಎಸ್ಟೇಟಿನ ಪ್ರತಿ ಡಿವಿಜನ್ನಿನವರೂ ಒಂದು ನೋಟುಬುಕ್ಕನ್ನು ಇಡಬೇಕೆಂದು ಕೇಳಿಕೊಳ್ಳುತ್ತೇವೆ. ಹೈಸ್ಕೂಲಿಗೆ ಹೋಗುವ ಮಗಳೋ ಮಗನೋ ಅದನ್ನು ಬರೆಯಲಿ. ಎರಡು ವಾರಗಳ ಕಾಲ, ದಿನವೂ: ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ಬಾರದಿದ್ದರೆ ಅದು, ನಿಲ್ಲಿಸದೆ ಹೋದರೆ ಅದು, ಎಷ್ಟು ಜನ ನಿಂತು ಪ್ರಯಾಣ ಮಾಡಿದರು, ಎಷ್ಟು ಮಕ್ಕಳಿಗೆ ಶಾಲೆಗೆ ತಡವಾಯಿತು, ಯಾರಿಗೆ ಅರ್ಧ ದಿನದ ಕೂಲಿ ಹೋಯಿತು. ಯಾರ ಮೇಲೂ ಕೋಪ ತೀರಿಸಿಕೊಳ್ಳಲು ಇದನ್ನು ಬರೆಯಬಾರದು. ಡ್ರೈವರ ಹೆಸರು ಬೇಡ, ಬಸ್ಸಿನ ನಂಬರು ಸಾಕು. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನವನ್ನೂ ತಪ್ಪದೆ ಬರೆಯಿರಿ. ನಿಲ್ದಾಣದ ಸೂರಿನಲ್ಲಿ ಬಿರುಕಿದ್ದರೆ, ಕಬ್ಬಿಣ ಹೊರಗೆ ಕಾಣುತ್ತಿದ್ದರೆ, ನೀರು ಸೋರುತ್ತಿದ್ದರೆ, ದೀಪವಿಲ್ಲದಿದ್ದರೆ ಅದನ್ನೂ ಬರೆಯಿರಿ.

ಎರಡು ವಾರ ಮುಗಿದ ಮೇಲೆ ಹಿರಿಯರ ಸಹಿ, ಹೆಬ್ಬೆಟ್ಟು ಹಾಕಿಸಿ ಒಂದು ಪ್ರತಿಯನ್ನು ಡಿಪೋ ಮ್ಯಾನೇಜರಿಗೆ, ಒಂದನ್ನು ಪಂಚಾಯತಿಗೆ ಅಥವಾ ಪುರಸಭೆಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೂಲವನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಮುಂದೆ ಎಂದಾದರೂ ನಿಮ್ಮ ದಾರಿಗೆ ಹೊಸ ಬಸ್ಸು ಬಂದರೆ, ಹಳೆಯದಕ್ಕಿಂತ ಅದು ಮೇಲೋ ಅಲ್ಲವೋ ಎಂದು ಹೇಳಲು ಈ ನೋಟುಬುಕ್ಕೇ ಅಳತೆಗೋಲು. ಮತ್ತೆ ಎರಡು ವಾರ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಡಿರಿ. ಕೋಟಿಗಟ್ಟಲೆ ಹಣದ ಯಂತ್ರಕ್ಕೆ ಅಂಕ ಹಾಕುವ ಅಧಿಕಾರ ಅದರಲ್ಲಿ ಕುಳಿತು ಕೆಲಸಕ್ಕೆ ಹೋಗುವವರಿಗೆ ಉಂಟು.

2017ರಲ್ಲಿ ಸೋಮನೂರಿನ ಸೂರು ಬೀಳುವ ಮೊದಲು ಯಾರಾದರೊಬ್ಬರು ಇಂಥ ನೋಟುಬುಕ್ಕಿನಲ್ಲಿ ಅದರ ಸ್ಥಿತಿಯನ್ನು ಬರೆದು ಮೊಹರು ಹಾಕಿಸಿದ್ದರೆ ಏನಾಗುತ್ತಿತ್ತೆಂದು ಹೇಳಲು ಯಾರಿಗೂ ಬರುವುದಿಲ್ಲ. ಆದರೆ ಮುಂದಿನ ಸೂರನ್ನು ಇಂದೇ ಹೋಗಿ ನೋಡಬಹುದು. ಈ ಭಾನುವಾರ ಊಟವಾದ ಮೇಲೆ ನಿಮ್ಮ ಬಸ್ ಸ್ಟಾಪಿನವರೆಗೆ ನಡೆದು ಹೋಗಿ, ತಲೆಯೆತ್ತಿ ನೋಡಿ, ಕಂಡದ್ದನ್ನು ಮೊದಲ ಪುಟದಲ್ಲಿ ಬರೆಯಿರಿ.